ಹುಳಿ ಬಂದ ಮಣ್ಣು

ಹಿತ್ತಲ ಗುಂಡಿಯಲ್ಲಿ ಗೋಧಿ ಹೊಟ್ಟು ಕಲಸಿ ನೆನೆಹಾಕಿದ್ದ ಮಣ್ಣು ನಾತ ಹೊಡೆಯತೊಡಗಿದಾಗ, ಅದು ಕೆಟ್ಟುಹೋಯಿತೆಂದೇ ಇರಜ್ ತಿಳಿದ. ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಟೈಲ್ಸ್ ಕಾರ್ಖಾನೆಯ ಆಫೀಸಿನಲ್ಲಿ ಸಂಬಳಕ್ಕೆ ಕೂತವನು. ಮಣ್ಣಿನ ವಿಷಯ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು ಎಂಬ ಧೈರ್ಯ ಬೇರೆ. ಚಿಕ್ಕಮ್ಮ ಬಜಾರಿನಿಂದ ಬರುವುದರೊಳಗೆ ಒಂದು ಉಪಕಾರ ಮಾಡಿಬಿಡೋಣ ಎಂದು ಅರ್ಧ ಗುಂಡಿಯ ಮಣ್ಣೆತ್ತಿ ಓಣಿಗೆ ಚೆಲ್ಲಿದ. ಪಕ್ಕದ ಮನೆಯ ಸಕೀನಾ ಗಂಡನನ್ನು ಕರೆದು ಅಷ್ಟನ್ನೂ ಬುಟ್ಟಿ ತುಂಬಿ ಒಳಗೆ ಹಾಕಿಸಿಕೊಂಡಳು. "ನಿನ್ನ ಕೈ ನೋಯದಿರಲಿ ಮಗಾ," ಎಂದು ಹರಸಿದಳು ಕೂಡ.

ತೂಬಾ ಚಿಕ್ಕಮ್ಮ ಬಂದವಳು ಗುಂಡಿ ನೋಡಿದಳು, ಅವನ ಮುಖ ನೋಡಿದಳು. "ಹುಳಿ ಬರಲಿ ಅಂತಲೇ ಇಟ್ಟಿದ್ದು ಕಣೋ. ಹುಳಿ ಬಂದ ಮಣ್ಣೇ ಮಾಳಿಗೆ ಮೇಲೆ ಹಿಡಿದು ಮಳೆ ತಡೆಯೋದು. ನಿಮ್ಮ ಆಫೀಸಲ್ಲಿ ಮೂಗಿರೋರು ಯಾರೂ ಇಲ್ವಾ?"

ಮೇಬೋದ್ ಊರಿನ ಆ ಓಣಿಯಲ್ಲಿ ತೂಬಾ ಎಂದರೆ ಮಗ್ಗ. ಗಂಡ ತೀರಿಕೊಂಡ ವರ್ಷ ಅವನ ಮಗ್ಗಕ್ಕೆ ತಾನೇ ಕೂತಳು. ನೂಲು ಬಡಿದು ಕೂರಿಸುವ ಅಷ್ಟು ಭಾರದ ಕಬ್ಬಿಣದ ಹಣಿಗೆ ಹೆಂಗಸಿನ ಕೈಗೆ ಎದ್ದೀತೇ ಎಂದವರ ಮನೆಯಲ್ಲೇ ಈಗ ಅವಳು ನೇಯ್ದ ಜಮಖಾನ ಹಾಸಿದೆ. ಮಾಳಿಗೆ ಬಳಿಯಲೂ ಮೇಸ್ತ್ರಿಯನ್ನು ಕರೆದವಳಲ್ಲ. ಈ ಸಲ ಮಗ್ಗದಲ್ಲಿದ್ದದ್ದು ಮಸೀದಿಗೆ ಒಪ್ಪಿಕೊಂಡ ನೀಲಿ-ಬಿಳಿ ಜಮಖಾನ. ಮೇಲಿನಿಂದ ಸೋರಿತೆಂದರೆ ನೀಲಿ ಬಣ್ಣ ಬಿಟ್ಟು ಬಿಳಿಗೆ ಹರಿದು ಬೇಸಿಗೆಯಿಡೀ ನೇಯ್ದದ್ದು ದಂಡ. ಮಗ್ಗವೋ ಗೋಡೆಗೆ ನೆಟ್ಟದ್ದು, ಸರಿಸುವಂತಿಲ್ಲ. ಬೆಟ್ಟದ ಕಡೆ ಆಗಲೇ ಮೋಡ ಕಟ್ಟುತ್ತಿತ್ತು. ಹೊಸದಾಗಿ ಕಲಸಿ ಹುಳಿ ಬರಿಸುವಷ್ಟು ಪುರುಸೊತ್ತಿರಲಿಲ್ಲ.

"ಇರೋದು ಮಗ್ಗದ ಕೋಣೆ ಮೇಲಕ್ಕೆ ಸಾಕು. ಉಳಿದದ್ದಕ್ಕೆ ನೀನು ಹಸಿ ಮಣ್ಣು ಕಲಸಿ ಹಚ್ಚು. ಕೂಗಿ ಹತ್ತು."

ಮಾಳಿಗೆಯಿಂದ ಸುತ್ತಲಿನ ಅಂಗಳಗಳೆಲ್ಲ ಕಾಣುತ್ತವೆ. ಹೆಂಗಸರಿಗೆ ಚಾದರ ಎಳೆದುಕೊಳ್ಳಲು ಹೊತ್ತು ಕೊಡಬೇಕು. "ಯಾ ಅಲ್ಲಾ," ಎಂದು ಇರಜ್ ಮೆಟ್ಟಿಲಿಂದಲೇ ಕೂಗಿದ.

"ಹತ್ತಪ್ಪಾ, ಹತ್ತು," ಎಂದಿತು ಸಕೀನಾಳ ದನಿ. "ಮತ್ತೆ ಚೆಲ್ಲೋದಿದ್ರೆ ಹೇಳು, ಬುಟ್ಟಿ ಇಲ್ಲೇ ಇದೆ."

ಚಿಕ್ಕಮ್ಮ ಮಗ್ಗದ ಕೋಣೆಯ ಮೇಲೆ ಮೊಣಕಾಲೂರಿ, ಅಂಗೈಯಲ್ಲಿ ಒತ್ತಿ ಒತ್ತಿ ಬಳಿದಳು. ಅತ್ತ ಇರಜ್ ತನ್ನ ಕೋಣೆಯ ಮೇಲೆ ಹಸಿ ಮಣ್ಣು ಹಚ್ಚಿ ಕೇರಮ್ ಬೋರ್ಡಿನಂತೆ ಸಮ ಮಾಡಿ, ಸೊಂಟಕ್ಕೆ ಕೈಯಿಟ್ಟು ನಿಂತು ಮೆಚ್ಚಿಕೊಂಡ.

"ಮಟ್ಟ ಮಾಡಬೇಡ್ವೋ. ನೀರು ಹೊರಗೆ ಬೀಳೋ ದೋಣಿ ಕಡೆ ಇಳಿಜಾರು ಕೊಡು. ನೀರೇನು ನೆಂಟನಾ, ಕೂರಿಸ್ಕೊಂಡು ಚಹಾ ಕೊಡೋಕೆ?"

ಮಣ್ಣು ಒಣಗಿದ್ದೇ ತಡ, ಒಂದು ಸಂಜೆ ಧೂಳು ಎದ್ದಿತು. ಅದರ ಬೆನ್ನಿಗೇ ಮಳೆ. ದೋಣಿಯಿಂದ ನೀರು ಧೋ ಎಂದು ಅಂಗಳಕ್ಕೆ ಬೀಳುತ್ತಿದ್ದರೆ ಚಿಕ್ಕಮ್ಮ ತಲೆಯೆತ್ತದೆ ನೇಯುತ್ತಿದ್ದಳು. ಅವಳ ಬದಲಿಗೆ ಇರಜನೇ ಕತ್ತು ನೋಯುವವರೆಗೆ ಸೂರು ನೋಡಿದ. ಒಂದು ತೇವದ ಕಲೆಯೂ ಇಲ್ಲ. ಉಬ್ಬಿಕೊಂಡು ತನ್ನ ಕೋಣೆಗೆ ಹೋದ. ದಿಂಬು ತೊಪ್ಪೆಯಾಗಿತ್ತು.

ಹಾಸಿಗೆ ಸುತ್ತಿಕೊಂಡು ಬಂದು ಮಗ್ಗದ ಪಕ್ಕ ನಿಂತ. "ಚಿಕ್ಕಮ್ಮ, ನಿಜ ಹೇಳು. ನಾನು ಹಚ್ಚಿದ್ದು ಸೋರುತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಅವಳು ಹಣಿಗೆ ಕೆಳಗಿಟ್ಟಳು.

"ಗೊತ್ತಿತ್ತು. ಅದಕ್ಕೇ ನಿನ್ನ ಹಾಸಿಗೆ ಮೇಲೆ ಹಚ್ಚೋಕೆ ಬಿಟ್ಟಿದ್ದು."