ಲವಂಗ ಜಾಸ್ತಿಯಾದ ಕ್ರಿಸ್‌ಮಸ್ ಬಿಯರು

ಅಮೆರಿಕದ ಆರೆಗಾನಿನ ಹುಲ್ಲುಬೀಜ ಬೆಳೆಯುವ ಸೀಮೆಯಲ್ಲಿ ಹಾಲಿನ ಟ್ಯಾಂಕುಗಳಿಗೆ ವೆಲ್ಡಿಂಗ್ ಮಾಡಿಕೊಂಡಿದ್ದ ಡ್ವೇನ್ ಹಾಗನ್‌ಗೆ ನಲವತ್ತು ದಾಟಿದ ಮೇಲೆ ಬಿಯರು ಕಾಯಿಸುವ ಹುಚ್ಚು ಹಿಡಿಯಿತು. ಮುಚ್ಚಿಹೋದ ಡೇರಿಯೊಂದರ ಟ್ಯಾಂಕುಗಳನ್ನು ತಂದು ಗ್ಯಾರೇಜಿನಲ್ಲಿ ನಿಲ್ಲಿಸಿದ. ದೊಡ್ಡ ಕಂಪನಿಗಳ ಬಿಯರು ಅವನ ಲೆಕ್ಕದಲ್ಲಿ ಬಿಯರೇ ಅಲ್ಲ, ಪಾತ್ರೆ ತೊಳೆದ ನೀರು. ಊರವರಿಗೆ ಮಾತ್ರ ಆ ನೀರೇ ಅಮೃತ. ಹೆಂಡತಿ ಲೋರ್ನಾ ಒಂದಷ್ಟು ಕಾಲ ಸಹಿಸಿ, ಕೊನೆಗೆ ಷರತ್ತು ಹಾಕಿದಳು.

“ಈ ಸಲದ ಕ್ರಿಸ್‌ಮಸ್ ಪೀಪಾಯಿ ಒಂದೇ ಸಂಜೆಗೆ ಖಾಲಿಯಾಗ್ಬೇಕು. ಆಗ್ಲಿಲ್ವೋ, ವಾಪಸ್ ವೆಲ್ಡಿಂಗಿಗೆ ಹೋಗ್ತಾ ಇರು.”

“ಆಯ್ತು ಬಿಡು,” ಅಂದ ಡ್ವೇನ್.

ಕ್ರಿಸ್‌ಮಸ್ಸಿನ ಗಟ್ಟಿ ಬಿಯರು ಹದಕ್ಕೆ ಬರಲು ತಿಂಗಳುಗಳೇ ಬೇಕು, ಬೇಸಿಗೆಯಲ್ಲೇ ಕುದಿಸಿಡಬೇಕು. ಅಲ್ಲಿ ಅದೇ ಹುಲ್ಲಿನ ಕೊಯ್ಲಿನ ಕಾಲ. ಧೂಳಿಗೆ ಡ್ವೇನ್‌ನ ಮೂಗು ಪೂರ್ತಿ ಕಟ್ಟಿತ್ತು. ಘಮಕ್ಕೆಂದು ಲವಂಗ ಹಾಕಿ ಹಂಡೆಯ ಹಬೆಯ ಮೇಲೆ ಬಗ್ಗಿ ಮೂಸಿದ, ವಾಸನೆಯ ಸುಳಿವಿಲ್ಲ. ಇನ್ನೊಂದು ಹಿಡಿ ಹಾಕಿದ. ಮತ್ತೆ ಮೂಸಿದ. ಮತ್ತೊಂದು ಹಿಡಿ ಹಾಕಿದ.

ಡಿಸೆಂಬರಿನಲ್ಲಿ ಗ್ಯಾರೇಜು ತುಂಬ ಜನ. ಮೊದಲ ಗುಟುಕಿಗೇ ಎಲ್ಲರ ಮುಖ ಸೊಟ್ಟಗಾಯಿತು.

“ಏನೋ ಡ್ವೇನ್, ಇದು ಬಿಯರಾ, ಇಲ್ಲ ಹಲ್ಲುನೋವಿಗೆ ಹಚ್ಚೋ ಔಷಧಿನಾ?” ಅಂದ ಟ್ರಾಕ್ಟರ್ ರಿಪೇರಿಯ ಮರ್ಲ್. ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ಲೋಟಗಳು ಒಂದೊಂದಾಗಿ ಮೇಜಿಗೆ ಇಳಿದವು. ವೆಲ್ಡಿಂಗಿನ ಕೈಗವಸು ಎಲ್ಲಿಟ್ಟಿದ್ದೇನೆಂದು ಲೋರ್ನಾ ಆಗಲೇ ಯೋಚಿಸುತ್ತಿದ್ದಳು.

ಮೂಲೆಯಲ್ಲಿದ್ದ ಸೆಲ್ಮಾ ಬ್ರಾಂಡ್‌ವೋಲ್ಡ್ ಮಾತ್ರ ನಗಲಿಲ್ಲ. ಹೋದ ಚಳಿಗಾಲದಲ್ಲಿ ತೀರಿಕೊಂಡ ಹಲ್ಲಿನ ಡಾಕ್ಟರ್ ಆರ್ನಿಯ ಹೆಂಡತಿ ಆಕೆ. ಲೋಟವನ್ನು ಮೂಗಿಗೆ ಹಿಡಿದು ಬಹಳ ಹೊತ್ತು ಕೂತಿದ್ದಳು.

“ಇನ್ನೊಂದು ಲೋಟ ಹಾಕು ಮಗಾ,” ಅಂದಳು. “ಸಂಜೆ ಮನೆಗೆ ಬಂದಾಗ ನಮ್ಮವರ ಕೈ ಹೀಗೇ ಘಮ್ ಅಂತಿತ್ತು.”

ಆರ್ನಿಯ ಕೈ ಹೋಗದ ಬಾಯಿ ಅಲ್ಲಿ ಒಂದೂ ಇರಲಿಲ್ಲ.

“ನನ್ನ ದವಡೆಹಲ್ಲು ಕಿತ್ತು, ಅಳಬೇಡ್ವೋ ಕತ್ತೆ ಅಂತ ಬೈದಿದ್ರು ಪುಣ್ಯಾತ್ಮರು,” ಅಂದ ಮರ್ಲ್, ತಾನು ಕೆಳಗಿಟ್ಟಿದ್ದ ಲೋಟವನ್ನೆತ್ತಿ ಗಟಗಟ ಕುಡಿದ. ಇನ್ನೊಬ್ಬನಿಗೆ ತನ್ನ ಹುಳುಕು ಹಲ್ಲು ನೆನಪಾಯಿತು. ಹಲ್ಲಿನ ಕತೆಗಳು ಮುಗಿಯುವ ಮೊದಲೇ ಪೀಪಾಯಿ ಮುಗಿದಿತ್ತು.

ಮುಂದಿನ ಬೇಸಿಗೆಯಲ್ಲಿ ಮಳೆ ಬಂದು ಧೂಳಡಗಿತು, ಡ್ವೇನ್‌ನ ಮೂಗೂ ಬಿಟ್ಟಿತು. ಈ ಸಲವಾದರೂ ಸರಿಯಾಗಿ ಮಾಡೋಣವೆಂದು ಚಿಟಿಕೆ ಲವಂಗ ಹಿಡಿದು ಹಂಡೆಯ ಮುಂದೆ ನಿಂತ. ಲೋರ್ನಾ ಹಿಂದಿನಿಂದ ಬಂದು ಅವನ ಮೂಗನ್ನು ಬಿಗಿಯಾಗಿ ಹಿಡಿದಳು.

“ಹ್ಞಾ, ಈಗ ಹಾಕು,” ಅಂದಳು.