ಸದ್ದಿಲ್ಲದೆ ಮುಳುಗಿದ ಬಾತುಕೋಳಿ

ಸಿಂಗಸಂದ್ರದ ಕೆರೆಯಲ್ಲಿ, ದಡದಿಂದ ಎರಡು ಮಾರು ದೂರದಲ್ಲೇ ಬಾತುಕೋಳಿ ಮುಳುಗುತ್ತಿತ್ತು. ಮೊದಲು ಬಾಲ ಇಳಿಯಿತು, ಆಮೇಲೆ ಬೆನ್ನು. ದಿನವಿಡೀ ವಟಗುಟ್ಟುವ ಪ್ರಾಣಿ ಒಂದು ಸದ್ದೂ ಮಾಡದೆ, ಕತ್ತು ಮಾತ್ರ ಮೇಲಿಟ್ಟುಕೊಂಡು ನಮ್ಮನ್ನೇ ನೋಡುತ್ತಿತ್ತು. ಗಾಳಿಯಿಲ್ಲ, ಅಲೆಯಿಲ್ಲ. ಕೆಳಗಿನಿಂದ ಯಾರೋ ಮೆಲ್ಲಗೆ ಕಾಲು ಹಿಡಿದು ಎಳೆಯುತ್ತಿರುವಂತಿತ್ತು.

“ಯವ್ವಾ, ಕೆರಿ ತಾಯಿ ನನ್ನ ಗೌರೀನ ಒಯ್ಯಾಕತ್ತಾಳ್ರೀ!” ಎಂದು ಯಲ್ಲವ್ವ ಎದೆ ಬಡಿದುಕೊಂಡಳು. ಬಾಗಲಕೋಟೆ ಕಡೆಯ ಅವಳು ಬೊಮ್ಮಸಂದ್ರದ ಕಾರ್ಖಾನೆಗೆ ಹೋಗುತ್ತಾ ನಮ್ಮ ಪಕ್ಕದ ಬಾಡಿಗೆ ಕೋಣೆಯಲ್ಲಿದ್ದಳು. ಹೊಸೂರು ರಸ್ತೆಗೆ ಇನ್ನೂ ಮೇಲ್ಸೇತುವೆ ಬಾರದಿದ್ದ ಕಾಲ ಅದು.

ನಾನು ಸೀರೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗಿಳಿದೆ. ಕೈಗೆ ಸಿಕ್ಕ ಗೌರಿ ನೆನೆದ ಕಂಬಳಿಯಂತೆ ಭಾರವಾಗಿತ್ತು. ಕಾಲನ್ನು ತಡವಿ ನೋಡಿದೆ, ಏನೂ ಸುತ್ತಿಕೊಂಡಿರಲಿಲ್ಲ.

ದಡದಲ್ಲಿ ಸೆರಗಿನಿಂದ ಒರೆಸುವಾಗ ಪುಕ್ಕದಿಂದ ಬಟ್ಟೆ ಸೋಪಿನ ವಾಸನೆ ಬಂತು.

“ನಿನ್ನೆ ನಮ್ಮ ಕಡಿ ಎತ್ತಿನ ಹಬ್ಬ, ಕಾರಹುಣ್ಣಿವಿ ಇತ್ತಲ್ರೀ. ಮೈ ತೊಳ್ಯಾಕ ಇಲ್ಲಿ ಎತ್ತು ಎಲ್ಲಿಂದ ತರ್ಲಿ? ಇದನ್ನ ತಿಕ್ಕಿ ತೊಳದ್ನಿ,” ಎಂದಳು ಯಲ್ಲವ್ವ.

ಸೋಪಿಗೆ ಪುಕ್ಕದ ಎಣ್ಣೆಯೆಲ್ಲ ಹೋಗಿ ನೀರು ಒಳಕ್ಕಿಳಿದಿದೆ, ಪುಕ್ಕ ಸರಿಯಾಗುವವರೆಗೆ ಕೆರೆಗೆ ಬಿಡಬೇಡಿ ಎಂದು ದನದ ಡಾಕ್ಟರು ಹೇಳಿದರು. ಗೌರಿ ಬದುಕಿತು.

ಕಾರಣ ತಿಳಿದ ಮೇಲೂ ಆ ನೋಟ ನನ್ನನ್ನು ಬಿಟ್ಟಿಲ್ಲ. ಮುಳುಗುವ ಜೀವ ಕೂಗಿಕೊಳ್ಳುತ್ತದೆ ಎಂದೇ ನಾನು ತಿಳಿದಿದ್ದೆ. ಮಕ್ಕಳೇ, ನೀವು ನೀರಿನಲ್ಲಿ ಆಡುವಾಗ ಅಜ್ಜಿ ಮಾತು ಬಿಟ್ಟು ನಿಮ್ಮನ್ನೇ ಏಕೆ ನೋಡುತ್ತಾಳೆಂದು ನಗುತ್ತೀರಲ್ಲ, ಇದಕ್ಕೇ.