ಹೂ ಕೇಳಲು ಯಾರೂ ನಿಲ್ಲದ ಶುಕ್ರವಾರ

ಚಿಕ್ಕಮಾರಯ್ಯನವರೊಂದಿಗಿನ ಮೊದಲ ಮಾತುಕತೆ ನಿಗದಿಯಾದದ್ದು ಗುಬ್ಬಿಯಲ್ಲಿ, ಅವರ ಅಕ್ಕ ನರಸಿಂಹಮ್ಮನವರ ಮನೆಯಲ್ಲಿ. ಪಂಚಾಯಿತಿ ಚುನಾವಣೆಯ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲು 2024ರ ಜೂನ್‌ನಲ್ಲಿ ಅಲ್ಲಿಗೆ ಹೋಗಿದ್ದೆ. ಮಾತಿನ ನಡುವೆ ಆಕೆ ತಟ್ಟನೆ ಫೋನ್ ಎತ್ತಿಕೊಂಡರು.

"ಏನ್ಲಾ ಮಾರಾ, ಇಲ್ಲೊಬ್ರು ಯೂನಿವರ್ಸಿಟಿಯೋರು ಬಂದವ್ರೆ. ನಿನ್ ಸೊಸೆ ಎಲೆಕ್ಷನ್ ಕತೆ ಬೇಕಂತೆ. ಎಲ್ಲಾ ಹೇಳ್ಬುಡು, ಹೂವಿಂದೂ ಸೇರ್ಸಿ."

ಸ್ಪೀಕರಿನಲ್ಲಿ ಉತ್ತರ ನನಗೂ ಕೇಳಿಸಿತು: "ಭಾನುವಾರ ಕಳ್ಸಕ್ಕ. ಗುಡಿ ಒಳಗೆ ಮಾತ್ರ ಕೇಳಂಗಿಲ್ಲ. ಜಗಲಿ ಮೇಲೆ ಕೂತ್ಕೊಂಡು ಎಷ್ಟಾದ್ರೂ ಕೇಳ್ಲಿ."

ಹುಲಿಯೂರುದುರ್ಗದ ಸಮೀಪದ ಅವರ ಹಳ್ಳಿಗೆ ಭಾನುವಾರ ಹೋಗಿ ಗುಡಿಯ ಜಗಲಿಯ ಮೇಲೆ ಕೂತೆ. ಚಿಕ್ಕಮಾರಯ್ಯ ಮಂಗಳವಾರ ಮತ್ತು ಶುಕ್ರವಾರ ಊರಮ್ಮನ ಪೂಜಾರಿ, ಉಳಿದ ದಿನ ಗಾರೆ ಕೆಲಸದವರು. ಎರಡನ್ನೂ ತಂದೆಯಿಂದಲೇ ಕಲಿತವರು. ಪೂಜೆಯ ಹಿಂದಿನ ಸಂಜೆ ಕೊಬ್ಬರಿ ಎಣ್ಣೆ ಹಚ್ಚಿ, ಉಗುರಿನ ಸಂದಿಯ ಸಿಮೆಂಟನ್ನು ತಿಕ್ಕಿ ತೆಗೆಯುತ್ತಾರೆ. ಮಗ ಮುತ್ತುರಾಜ್ ಕುಣಿಗಲ್‌ನಲ್ಲಿ ಮೆಕ್ಯಾನಿಕ್. ಸೊಸೆ ಶಿಲ್ಪಾ ತುಮಕೂರಿನ ಉಪ್ಪಾರಹಳ್ಳಿಯವರು, ಬಿ.ಎ. ಓದಿದವರು. ಆಕೆಗೆ ದೇವರಲ್ಲಿ ನಂಬಿಕೆಯಿಲ್ಲ. ಮದುವೆಯಾಗಿ ಬಂದ ವಾರವೇ ಅದನ್ನು ಮಾವನಿಗೆ ನೇರವಾಗಿ ಹೇಳಿದ್ದರು.

"ಗುಡಿ ಅಂಗಳ ಗುಡಿಸ್ತಾಳೆ, ರಂಗೋಲಿ ಬಿಡ್ತಾಳೆ. ಕೈ ಮಾತ್ರ ಮುಗಿಯಕ್ಕಿಲ್ಲ" ಎಂದು ಚಿಕ್ಕಮಾರಯ್ಯ ನಕ್ಕರು. "ಮೊದ್ಮೊದ್ಲು ಸಂಕಟ ಆಯ್ತು ಸಾರ್. ಆಮೇಲೆ ಅಭ್ಯಾಸ ಆಗೋಯ್ತು."

2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಗೆ ಶಿಲ್ಪಾ ನಿಂತಾಗ ಇದು ಮನೆಯೊಳಗಿನ ವಿಷಯವಾಗಿ ಉಳಿಯಲಿಲ್ಲ. ನಾಮಪತ್ರವನ್ನು ಅಮ್ಮನ ಪಾದದ ಬಳಿಯಿಟ್ಟು ಒಯ್ಯುವುದು ಅಲ್ಲಿನ ರೂಢಿ. ಎದುರಾಳಿ ಅಡವಿಯಪ್ಪ ಹಾಗೆಯೇ ಮಾಡಿದರು. ಶಿಲ್ಪಾ ಮನೆಯಿಂದ ನೇರವಾಗಿ ಪಂಚಾಯಿತಿ ಕಚೇರಿಗೆ ಹೋದರು. ಅಡವಿಯಪ್ಪ ಸುಮ್ಮನೆ ಮಾತಾಡುವವರಲ್ಲ, ಮುಂಚೆ ಸದಸ್ಯರಾಗಿದ್ದಾಗ ಊರಿಗೆ ಕೊಳವೆಬಾವಿ ಕೊರೆಸಿದ್ದವರು. ಮನೆಮನೆಗೂ ಹೋಗಿ ಅವರು ಕೇಳಿದ್ದು ಒಂದೇ ಮಾತು: "ದೇವ್ರಿಗೇ ಕೈ ಮುಗೀದೋಳು ಗೆದ್ಮೇಲೆ ನಿಮ್ಗೆ ಮುಗಿತಾಳಾ?"

ಮಾತು ಬೆಳೆಯಿತು. ಇಂಥವಳಿಗೆ ಓಟು ಹಾಕಬಹುದೇ ಎಂದು ಅಮ್ಮನನ್ನೇ ಕೇಳೋಣ ಎಂದು ಹಿರಿಯರು ತೀರ್ಮಾನಿಸಿದರು. ಅಮ್ಮನ ಎರಡು ಭುಜಗಳ ಮೇಲೂ ಪೂಜಾರಿ ಒದ್ದೆ ಹೂವಿಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಇಲ್ಲ. ಇದೇ ಹೂ ಕೇಳುವುದು. ಆದರೆ ಎಡದ್ದು ಬಿದ್ದರೆ ಸೊಸೆ ಸೋತಂತೆ. ಬಲದ್ದು ಬಿದ್ದರೆ ಮಾವನ ಕೈಚಳಕ ಎನ್ನುತ್ತಾರೆ; ಆಮೇಲೆ ಮಗಳ ಮದುವೆಗೆ, ಮಗುವಿನ ಕಾಯಿಲೆಗೆ ಹೂ ಕೇಳಲು ಯಾರು ತಾನೇ ಅವರ ಬಳಿ ಬಂದಾರು? ಊರ ಪೂಜಾರಿಯಾಗಿ ಒಲ್ಲೆ ಎನ್ನುವ ಹಾಗೂ ಇರಲಿಲ್ಲ.

ಮತದಾನಕ್ಕೆ ಮುಂಚಿನ ಶುಕ್ರವಾರ ಬೆಳಗ್ಗೆ ಗುಡಿಯ ಮುಂದೆ ಇಡೀ ಊರೇ ಸೇರಿತ್ತು. ಈ ಭಾಗವನ್ನು ಹೇಳುವಾಗ ಚಿಕ್ಕಮಾರಯ್ಯನವರಿಗೆ ಜಗಲಿಯ ಮೇಲೆ ಕೂರಲಾಗಲಿಲ್ಲ. ಎದ್ದು, ಅಂದು ತಾವು ನಿಂತಿದ್ದ ಜಾಗದಲ್ಲೇ ನಿಂತು ಹೇಳಿದರು.

"ಎಲ್ಡೂ ಹೂವ ಇಟ್ಟೆ. ಈಚೆ ಬಂದೆ. 'ಕೇಳೋರು ಯಾರು, ಬರ್ರಪ್ಪಾ' ಅಂದೆ. ಅಡವಿಯಪ್ಪ 'ಊರೇ ಕೇಳ್ತದೆ ಪೂಜಾರಪ್ಪ' ಅಂದ. 'ಯಾವತ್ತು ಊರ್ ಕೇಳೈತೆ? ಯಾರ್ ವಿಷ್ಯವೋ ಅವ್ರೇ ನಿಂತು ಬಾಯ್ಬುಟ್ಟು ಕೇಳ್ಬೇಕು. ನಮ್ಮಪ್ಪನ ಕಾಲ್ದಿಂದ್ಲೂ ಹಂಗೇ ಅಲ್ವಾ?' ಅಂದೆ."

ಜನ ಹೌದೆಂದರು. ಎಲ್ಲರ ಕಣ್ಣೂ ಶಿಲ್ಪಾ ಕಡೆ ತಿರುಗಿತು. ಆಕೆ ಮುಂದೆ ಬಂದು ಹೇಳಿದ್ದನ್ನು ಚಿಕ್ಕಮಾರಯ್ಯ ತಡವರಿಸದೆ ಒಪ್ಪಿಸಿದರು: "ಮಾವ, ನಂಬಿಕೆ ಇಲ್ದೆ ಇಲ್ಲಿ ನಿಂತ್ರೆ ನಿಮ್ ಅಮ್ಮಂಗೂ ಸುಳ್ಳು, ಊರ್ಗೂ ಸುಳ್ಳು. ನಾನ್ ನಿಲ್ಲಲ್ಲ. ಅದಕ್ಕೇ ಓಟ್ ಹಾಕಲ್ಲ ಅಂದ್ರೆ ಹಾಕ್ಬೇಡಿ."

ಗದ್ದಲವೆದ್ದಿತು. ಚಿಕ್ಕಮಾರಯ್ಯ ಅಡವಿಯಪ್ಪನವರ ಕಡೆ ತಿರುಗಿದರು. "ನೀನು ನಂಬೋನು ಕಣಪ್ಪ. ನೀನೂ ಕ್ಯಾಂಡಿಡೇಟೇ. ನಿಂದಾದ್ರೂ ಕೇಳ್ಬಾ."

ಅಡವಿಯಪ್ಪ ಎರಡು ಹೆಜ್ಜೆ ಮುಂದಿಟ್ಟರು. ಎಡಭುಜದ ಹೂವು ಒಂದಿಷ್ಟು ವಾಲಿತ್ತು. ಅದನ್ನು ನೋಡಿದವರೇ ಮೂಗಿನ ಕೆಳಗಿದ್ದ ಮಾಸ್ಕನ್ನು ಮೇಲಕ್ಕೆಳೆದುಕೊಂಡರು.

"ಇವತ್ತಾಗಕ್ಕಿಲ್ಲ. ನಮ್ ದಾಯಾದಿ ಮನೇಲಿ ಸೂತಕ ಅದೆ."

ಗುಂಪಿನ ನಡುವಿನಿಂದ ತಿಪ್ಪಮ್ಮ ಎಂಬ ಮುದುಕಿಯ ದನಿ ಬಂತು. "ಸೂತಕ ಇಟ್ಕೊಂಡೇ ಈಗ್ತಾನೆ ಕಾಯಿ ಒಡ್ಸಿದ್ಯಲ್ಲಪ್ಪಾ! ಕಾಯ್ಗಿಲ್ದೆ ಇರೋ ಸೂತಕ ಹೂವಿಗೆ ಬಂತಾ?"

ಊರಿಗೂರೇ ನಕ್ಕಿತು. ಅಡವಿಯಪ್ಪನವರ ಕಡೆಯವರೂ ನಗು ತಡೆಯಲಾರದೆ ಮುಖ ತಿರುಗಿಸಿದರು. ನಗು ಇಳಿಯುವ ಮೊದಲೇ ತಿಪ್ಪಮ್ಮ ಮತ್ತೆ ಕೇಳಿದರು: "ಹೂವ ಬುಡ್ರಪ್ಪ. ಬೋರ್ ಕೊರ್ದು ಎಷ್ಟ್ ಕಾಲ ಆಯ್ತು, ಕೆಳಗಲ ಕೇರಿಗೆ ನಲ್ಲಿ ಎಲ್ಲಿ? ಅದ್ ಹೇಳಿ ಇಬ್ರೂವೆ!"

ಮುಂದಿನ ವಾದವೆಲ್ಲ ನೀರಿನದೇ. ಆ ನಡುವೆ ಚಿಕ್ಕಮಾರಯ್ಯ ಒಳಗೆ ಹೋಗಿ, ಬೀಳುವ ಮೊದಲೇ ಎರಡೂ ಹೂಗಳನ್ನು ಎತ್ತಿ ತಟ್ಟೆಯಲ್ಲಿಟ್ಟರು. "ಯಾರೂ ಕೇಳ್ಲಿಲ್ಲ. ಅಮ್ಮ ಯಾಕ್ ಹೇಳ್ತಾಳೆ?" ಎಂದರು ನನಗೆ.

ಹಾಗಾದರೆ ಅಭ್ಯರ್ಥಿಯ ನಂಬಿಕೆಯನ್ನು ಮತದಾರ ನೋಡಲೇಬಾರದೇ ಎಂದು ಕೇಳಿದೆ.

"ನೋಡ್ಬಾರ್ದು ಅಂತ ಯಾರಂದ್ರು? ನಾನು ಪೂಜಾರಿ, ನೋಡ್ದೆ ಇರ್ತೀನಾ? ಅವತ್ತು ಮನೇಲಿ ಕೇಳೇ ಬುಟ್ಟೆ: 'ಗೆದ್ರೆ ಗುಡಿ ಗತಿ ಏನವ್ವಾ?' ಅಂತ. 'ಮೊದಲ್ನೇ ನಲ್ಲಿ ಗುಡಿ ಮುಂದೇನೇ ಮಾವ, ಕೆಳಗಲ ಕೇರಿಗೂ ಅದೇ ಹತ್ರ' ಅಂದ್ಲು. ಗುಡಿಗೆ ಬೀಗ ಹಾಕ್ತೀನಿ ಅಂದಿದ್ರೆ ನನ್ ಓಟು ಅವಳಿಗಿರ್ಲಿಲ್ಲ. ನಮ್ಮನೆ ಸೊಸೆ ಆದ್ರೇನು! ನಂಬ್ಕೆ ಇಲ್ದಿದ್ರೂ ಕೈ ಮುಗ್ದಿದ್ರೆ ಓಟು ಬರ್ತಿತ್ತು ಸಾರ್. ಮುಗೀಲಿಲ್ಲ. ಅದ್ನೂ ನೋಡ್ದೆ."

ಡಿಸೆಂಬರ್ 30ರಂದು ಎಣಿಕೆ ನಡೆದು, ಶಿಲ್ಪಾ ಅಲ್ಪ ಅಂತರದಿಂದ ಗೆದ್ದರು. ಆಕೆಯ ಮಾತು ಏನಾಯಿತೆಂದು ಕೇಳಿದಾಗ ಚಿಕ್ಕಮಾರಯ್ಯ ಜಗಲಿಯಿಂದಲೇ ಕೈಚಾಚಿ ಗುಡಿಯ ಮುಂದಿನ ನಲ್ಲಿಯನ್ನು ತೋರಿಸಿದರು, ದಿನವನ್ನು ಬರೆದುಕೊಳ್ಳಲೇಬೇಕೆಂದರು. ಬರೆದುಕೊಂಡದ್ದು ಇಷ್ಟು:

2021 ಆಗಸ್ಟ್ 6, ಶುಕ್ರವಾರ. ಗುಡಿಯ ಮುಂದಿನ ನಲ್ಲಿಯಲ್ಲಿ ನೀರು ಬಂತು. ಮೊದಲ ಕೊಡ ಅಮ್ಮನ ಅಭಿಷೇಕಕ್ಕೆ. ಹೊಸ್ತಿಲವರೆಗೆ ಹೊತ್ತು ತಂದವರು ಶಿಲ್ಪಾ, ಕೈ ಮುಗಿಯಲಿಲ್ಲ.